ರೋಡು ನಿಮ್ಮಪ್ಪಂದಾ?

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನನ್ನ ಹಾಸ್ಟೆಲ್ಲಿನ ಹುಡುಗಿಯರೇ ನಂಬಲಿಲ್ಲ. ಅವರೋ, ನಾಳೆ ಚಪಾತಿ ಮೆತ್ತಗಿರುತ್ತದೆ ಎಂದು ಅಡುಗೆಯವರು ಹೇಳಿದರೆ ದಿನಾ ನಂಬುವವರು. ಆದರೂ ಹೇಳುತ್ತೇನೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಹುರುಳಿ ಕಾಲ ಪೂರ್ತಿ, ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಗೆ ಹೋಗುವ ರೋಡಿನಲ್ಲಿ ನಮ್ಮೂರ ಮುಂದಿನ ತುಂಡು ನನ್ನ ಮಾತಿನ ಮೇಲೆ ನಡೆಯುತ್ತಿತ್ತು. ಬಸ್ಸು ನಾನು ಹೇಳಿದ ಜಾಗದಲ್ಲಿ ಹೋಗುತ್ತಿತ್ತು. ಲಾರಿ ನಾನು ಕೈ ಅಡ್ಡ ಇಟ್ಟರೆ ನಿಲ್ಲುತ್ತಿತ್ತು. ಎಮ್ಮೆಗಳು ಮಾತ್ರ ಕೇಳುತ್ತಿರಲಿಲ್ಲ. ಅವು ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಬಾರದು.

ಇದೆಲ್ಲ ನೆನಪಾದದ್ದು ಮೊನ್ನೆ ಶನಿವಾರ. ನಾನು ಈಗ ಚಾಮರಾಜನಗರದಲ್ಲಿ ಪಿಯುಸಿ ಓದುತ್ತಿದ್ದೇನೆ. ಬಟ್ಟೆ ಒಗೆಸಿಕೊಳ್ಳಲು, ಅಂದರೆ ಅಜ್ಜಿಯನ್ನು ನೋಡಲು, ಬಸ್ಸಿನಲ್ಲಿ ಊರಿಗೆ ಹೊರಟಿದ್ದೆ. ಹರವೆ ದಾಟಿ ಸ್ವಲ್ಪ ದೂರ ಬರುತ್ತಿದ್ದ ಹಾಗೇ ಬಸ್ಸಿನ ಸದ್ದು ಬದಲಾಯಿತು. ಚಕ್ರದಡಿ ಚರಚರ, ಚಟಪಟ. ಹಿಂದೆಯೇ ಆ ವಾಸನೆ. ಒಣಗಿದ ಹುರುಳಿ ಗಿಡ ಟೈರಿನಡಿ ಪುಡಿಯಾಗುವಾಗ ಬರುವ ವಾಸನೆಗೆ ಹೆಸರಿಲ್ಲ. ಹುರಿದ ಕಾಳು, ಧೂಳು, ಬಿಸಿ ಟಾರು, ಕೊನೆಗೆ ಒಗ್ಗರಣೆಗೆಂಬಂತೆ ಸ್ವಲ್ಪ ಡೀಸೆಲ್. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನು ಕಿಟಕಿಯನ್ನು ಪೂರ್ತಿ ತೆಗೆದೆ.

ಡ್ರೈವರ್ ಸಿದ್ದರಾಜಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. ಸ್ಟೇರಿಂಗ್ ಬಿಡದೆಯೇ ಕೂಗಿದ. "ಏನವ್ವಾ ಇನ್‌ಸ್ಪೆಕ್ಟ್ರೇ, ಇಂಗೇ ಓಗಲಾ, ಸೈಡಿಂದ ಓಗಲಾ? ಅಪ್ಪಣೆ ಆಗ್ಲಿ!"

ಇಡೀ ಬಸ್ಸು ತಿರುಗಿ ನನ್ನನ್ನೇ ನೋಡಿತು. ನಾನು ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಇಂಥದ್ದೆಲ್ಲ ನನಗೆ ದಿನಾ ಇದ್ದದ್ದೇ ಅನ್ನುವ ಹಾಗೆ ಕೈ ಬೀಸಿದೆ. ಬಸ್ಸು ಹೋಯಿತು.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ತಿಳಿಸಬೇಕು. ನಾವು ಮಾತಿನ ಕೊನೆಗೆಲ್ಲ 'ಕಣ' ಅನ್ನುವ ಜನ. ಬಾ ಕಣ, ಹೋಗು ಕಣ, ಸುಮ್ನಿರು ಕಣ. ಆದರೆ ಬೆಳೆ ಬಡಿಯಲು ಇರಬೇಕಾದ ನಿಜವಾದ ಕಣ ಮಾತ್ರ ಈಗ ಯಾರ ಹೊಲದಲ್ಲೂ ಇಲ್ಲ. ನೆಲ ಹದ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಕಲ್ಲುಗುಂಡು ಎಳೆಸಲು ಎತ್ತುಗಳೇ ಇಲ್ಲ. ಅದಕ್ಕೇ ಸಂಕ್ರಾಂತಿ ಆಸುಪಾಸಿನಲ್ಲಿ ಹುರುಳಿ ಕಿತ್ತು ತಂದವರು ಗಿಡವನ್ನು ಟಾರು ರೋಡಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾದು ಹಾದು ಕಾಯಿ ಒಡೆದು ಕಾಳು ಉದುರುತ್ತದೆ. ಕವೆಗೋಲಿನಲ್ಲಿ ಮಗುಚಿ ಹಾಕುವುದು, ಕಾಳು ಗುಡಿಸಿಕೊಳ್ಳುವುದು ನಮ್ಮ ಕೆಲಸ. ಒಕ್ಕುವ ಕೆಲಸ ಪರಊರಿನವರದು.

ಅಜ್ಜಿ ಭೂಮಿಯ ಮೇಲಿನ ಎಲ್ಲ ಗಾಡಿಗಳನ್ನೂ ಈ ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ಈರುಳ್ಳಿ ಲೋಡಿನ ಲಾರಿ ಬಂದರೆ ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಬಸ್ಸು ಎರಡನೆಯದು, ಅದೂ ಜನ ತುಂಬಿದ್ದರೆ ಮಾತ್ರ. "ಖಾಲಿ ಬಸ್ಸು ಬಂದ್ರೇನು ಬುಟ್ರೇನು" ಅನ್ನುತ್ತಿದ್ದಳು. ಕಾರು ಪರವಾಗಿಲ್ಲ. ಬೈಕು ಬರೀ ಸದ್ದು. ಸೈಕಲ್ಲನ್ನು ಅವಳು ಗಾಡಿಯ ಜಾತಿಗೇ ಸೇರಿಸಿರಲಿಲ್ಲ.

ನನ್ನ ಹತ್ತಿರ ಇದ್ದದ್ದು ಸೈಕಲ್ಲು.

ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಅದು. ಚೈನ್ ಕವರ್ ಎರಡೇ ತಿಂಗಳಿಗೆ ಕಳಚಿಹೋಗಿತ್ತು, ಬೆಲ್ ಮಾತ್ರ ದೇವಸ್ಥಾನದ ಗಂಟೆಯನ್ನು ನಾಚಿಸುವಂತಿತ್ತು. ಹರವೆಯ ಹೈಸ್ಕೂಲಿಗೆ ನಾನು, ನನ್ನ ಗೆಳತಿ ಪವಿತ್ರ, ಇನ್ನೂ ಕೆಲವು ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಅದಿಲ್ಲದಿದ್ದರೆ ನಡಿಗೆಯೇ ಗತಿ. ಬೆಳಗಿನ ಬಸ್ಸು ಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಕೂಗಿದ ಮೇಲೆ ಆರಾಮಾಗಿ ಬರುತ್ತಿತ್ತು. ನಡೆದು ಹೋದರೆ ಹೋಗಬಹುದಿತ್ತು, ಆದರೆ ನಡೆದು ಹೋಗುವ ನಾನು ನಾನಲ್ಲ. ಎರಡೂ ಕೈ ಬಿಟ್ಟು ಏರಿ ಇಳಿಯುತ್ತಾ ಜಡೆ ಕಟ್ಟಿಕೊಳ್ಳಬಲ್ಲ ಹುಡುಗಿ ಆ ಹೋಬಳಿಯಲ್ಲಿ ಒಬ್ಬಳೇ ಇದ್ದಳು. ಹೆಸರು ಹೇಳಿದರೆ ಜಂಬ ಅನ್ನುತ್ತೀರಿ.

ಇನ್ನು ಅಪ್ಪ. ಅಪ್ಪ ಡ್ರೈವರ್. ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿ ಬರುವ ಟೆಂಪೊ ಓಡಿಸುತ್ತಿದ್ದ. ಕೋಳಿ ಕೂಗುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ರೋಡಿನ ಮೂರು ಪಕ್ಷಗಳೂ ಇದ್ದವು. ಅಪ್ಪ ಗಾಡಿಯವರ ಕಡೆ, ನಾನು ಸೈಕಲ್ಲಿನವರ ಕಡೆ, ಅಜ್ಜಿ ನಡೆಯುವವರು ಮತ್ತು ಹುರುಳಿಯ ಕಡೆ. ಅವ್ವ ಮುದ್ದೆ ಬಡಿಸುತ್ತಾ ಮೂವರ ಮಾತನ್ನೂ ಕೇಳಿ, "ಮೊದ್ಲು ಉಣ್ಣಿ, ಆಮ್ಯಾಕೆ ರೋಡ್ ಪಾಲು ಮಾಡ್ಕಳಿ" ಅನ್ನುತ್ತಿದ್ದಳು.

"ಈ ನಡ್ಯೋರು ಇದ್ದಾರಲ್ಲ, ರೋಡ್ ಮ್ಯಾಗೆ ನಡುಮನೇಲಿ ಓಡಾಡ್ದಂಗೆ ಓಡಾಡ್ತರ" ಅನ್ನುತ್ತಿದ್ದ ಅಪ್ಪ. "ಸೈಕಲ್ಲೋರ್ಗೆ ಮಕದ ಮ್ಯಾಗೆ ಕಣ್ಣೇ ಇಲ್ಲ. ಬೆನ್ನಲ್ಲಂತೂ ಕಿವೀನೂ ಇಲ್ಲ."

"ನಿಮ್ಮೋರಿಗೆ ಮಾತ್ರ ಬ್ರೇಕಿಲ್ಲ, ಬರೀ ಹಾರನ್ನು" ಅಂದೆ ನಾನು.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಆಗಲೇ ಆ ಕಾನೂನು ಹೊರಬಿದ್ದದ್ದು. "ನೋಡಮ್ಮಿ, ಕೇಳ್ಕೊ. ಈ ರೋಡಲ್ಲಿ ಗಾಡಿ ಓಡ್ಸೋರೆಲ್ಲಾ ನಂಗ ಗೊತ್ತು. ಒಬ್ಬೇ ಒಬ್ಬ ಡ್ರೈವರ್ರು ನಿನ್ ಮ್ಯಾಲ ಕಂಪ್ಲೇಂಟ್ ಯೋಳಿದ್ರೂ ಸೈಕಲ್ ಅಟ್ಟಕ್ಕ ಓಯ್ತದ. ನಾನೇ ಎತ್ತಿ ಕಟ್ಬುಡ್ತೀನಿ."

ಅಪ್ಪ ಕಟ್ಟುತ್ತೇನೆ ಅಂದರೆ ಅದು ಸುಮ್ಮನೆ ಮಾತಲ್ಲ. ಘಾಟಿಯ ತಿರುವುಗಳಲ್ಲಿ ಒಂದು ಈರುಳ್ಳಿಯೂ ಉರುಳದ ಹಾಗೆ ಲೋಡಿಗೆ ಹಗ್ಗ ಬಿಗಿಯುವವನು ಅವನು. ಬೇಕಾದರೆ ಬೆಟ್ಟವನ್ನೂ ಹಿಡಿದಿಡುವ ಗಂಟು ಹಾಕುತ್ತಿದ್ದ, ಬೇಕಾದರೆ ಹಗ್ಗದ ತುದಿಯನ್ನು ಒಮ್ಮೆ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ ಗಂಟು. "ಇದು ಮಾರ್ಕೆಟ್ ಗಂಟು, ಬೇಗ ಇಳ್ಸೋ ಮಾಲಿಗೆ" ಎಂದು ನನಗೆ ಎರಡನ್ನೂ ಕಲಿಸಿದ್ದ.

ಆ ಸಲದ ಹುರುಳಿ ಕಾಲ ಶುರುವಾದ ಮೊದಲ ದಿನವೇ ನಾನು ಬಿದ್ದೆ. ಬಿದ್ದೆ ಅನ್ನುವುದು ಸಣ್ಣ ಮಾತು. ಸ್ಕೂಲಿನಿಂದ ವಾಪಸ್ ಬರುತ್ತಿದ್ದೆ. ರೋಡಿನ ಅರ್ಧಕ್ಕೆ ಮೊಣಕಾಲುದ್ದ ಹುರುಳಿ ಹಾಸಿತ್ತು. ಉಳಿದರ್ಧದಲ್ಲಿ ನಾವು ಸೈಕಲ್ಲಿನವರು, ಕುರಿ ಹೊಡೆದುಕೊಂಡು ಹೋಗುವವರು, ಸಂತೆಯಿಂದ ಬರುವವರು. ಹುರುಳಿಯ ಮೇಲೆ ಹತ್ತಿದರೆ ಚಕ್ರಕ್ಕೆ ಬಳ್ಳಿ ಸುತ್ತಿಕೊಳ್ಳುತ್ತದೆ ಎಂದು ಒಂದು ಕಾರು ನಮ್ಮ ಅರ್ಧಕ್ಕೇ ನುಗ್ಗಿತು. ನಾನು ಎಡಕ್ಕೆ ತಿರುಗಿಸಿದೆ, ಹುರುಳಿ ಹತ್ತಿದೆ, ಸೈಕಲ್ಲು ಒಂದು ಕಡೆ ಜಾರಿತು, ನಾನು ಇನ್ನೊಂದು ಕಡೆ ಹಾರಿದೆ. ಪವಿತ್ರಳ ಪ್ರಕಾರ ನಾನು ಗಾಳಿಯಲ್ಲಿದ್ದಷ್ಟು ಹೊತ್ತಿನಲ್ಲಿ ಅವಳು ಒಂದು ಮಗ್ಗಿ ಹೇಳಬಹುದಿತ್ತು. ಬಿದ್ದದ್ದು ಹುರುಳಿಯ ರಾಶಿಯೊಳಕ್ಕೆ. ಹೊರಗೆ ಕಾಣುತ್ತಿದ್ದದ್ದು ನನ್ನ ಎರಡು ಚಪ್ಪಲಿ ಮಾತ್ರ.

ಅಜ್ಜಿ ಕವೆಗೋಲು ಹಿಡಿದು ಓಡಿ ಬಂದಳು. ನನ್ನನ್ನು ಎತ್ತಲಿಲ್ಲ. ಸೈಕಲ್ಲು ಹಾದುಹೋದ ಜಾಗದಿಂದ ಒಂದು ಹಿಡಿ ಗಿಡ ಎತ್ತಿ ನೋಡಿದಳು.

"ಇಷ್ಟ್ ದೂರ ಬಂದಿದಯೆ, ಒಂದ್ ಕಾಯಾದ್ರೂ ಒಡ್ದಿದ್ಯಾ ಕೂಸೆ?"

ಅಷ್ಟರಲ್ಲಿ ಕಾರಿನವನು ಗಾಜು ಇಳಿಸಿದ್ದ. ಕಪ್ಪು ಕನ್ನಡಕ, ಕೈಯಲ್ಲಿ ಚಿಪ್ಸು. ಅಜ್ಜಿಯ ಕಡೆ ನೋಡಿ, ಈ ದೇಶದ ಯಾವ ರೋಡಿನಲ್ಲಿ ಯಾರು ಯಾರನ್ನು ತಡೆದರೂ ಕೇಳುವ ಆ ಪ್ರಶ್ನೆ ಕೇಳಿದ.

"ಏನಜ್ಜಿ, ರೋಡು ನಿಮ್ಮಪ್ಪಂದಾ?"

ಇದಕ್ಕೆ ಬೇರೆ ಯಾರಾದರೂ ಆಗಿದ್ದರೆ ವಾಪಸ್ ಬೈಯುತ್ತಿದ್ದರು. ಅಜ್ಜಿ ಪ್ರಶ್ನೆಯನ್ನು ಪ್ರಶ್ನೆ ಅಂತಲೇ ತೆಗೆದುಕೊಂಡಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ವಿವರಿಸಿದಳು.

"ನಮ್ಮಪ್ಪಂದಲ್ಲ ಕಣಪ್ಪ, ನನ್ ಗಂಡಂದು. ನಮ್ಮಪ್ಪಂದು ತೆರಕಣಾಂಬಿ ತಾವ ಬತ್ತದ."

ಕಾರಿನವನು ಚಿಪ್ಸು ಅಗಿಯುವುದನ್ನು ಮರೆತ. ಅಜ್ಜಿ ತಮಾಷೆ ಮಾಡಿರಲಿಲ್ಲ. ಈ ರೋಡು ಮೊದಲ ಸಲ ಹಾಕಿದಾಗ ನಮ್ಮ ತಾತ ಜಲ್ಲಿ ಒಡೆಯುವ ಕೂಲಿಯಾಗಿದ್ದ. ಅಜ್ಜಿ ಅದನ್ನು ಮಂಕರಿಯಲ್ಲಿ ಹೊರುತ್ತಿದ್ದಳು. ಆಚೆ ತುಂಡನ್ನು ಅವಳ ಅಪ್ಪನ ಕಡೆಯವರು ಮಾಡಿದ್ದರು. "ಅಗಾ, ಆ ಉಣ್ಸೆಮರ ಕಾಣ್ತದಲ್ಲ, ಅದರ ಕೊಂಬ್ಗೇ ಸೀರೆ ಕಟ್ಟಿ ನನ್ ಮಗನ್ನ ಮಲಗಿಸ್ತಿದ್ದೆ. ಡಾಂಬರ್ ಒಗೆಗೆ ಕೆಮ್ಕೊಂಡು ಮಲಗದು ಮಗ. ಈಗ ನೀ ಓಗಪ್ಪ. ಉಳ್ಳಿ ಮ್ಯಾಲೇ ಓಗು, ಪುಣ್ಯ ಬತ್ತದ."

ಅವನು ಹುರುಳಿಯ ಮೇಲೇ ಹೋದ. ನನ್ನ ಮಂಡಿ ಕಿತ್ತು ರಕ್ತ ಬರುತ್ತಿತ್ತು, ಆದರೂ ನನಗೆ ಒಂಥರಾ ಜಂಬ ಬಂತು. ರೋಡಿಗೆ ವಾರಸುದಾರರಿರುವ ಮನೆತನ ಎಷ್ಟಿರುತ್ತದೆ ಹೇಳಿ.

ಆದರೆ ಜಂಬದಿಂದ ಸೈಕಲ್ಲು ನೆಟ್ಟಗೆ ಹೋಗುವುದಿಲ್ಲ. ಮಾರನೇ ದಿನ ಪವಿತ್ರ ಬಿದ್ದಳು. ಅದರ ಮಾರನೇ ದಿನ ಹಾಲಿನ ಡೈರಿಗೆ ಹೋಗುತ್ತಿದ್ದ ಒಬ್ಬಾತ ಕ್ಯಾನಿನ ಸಮೇತ ಬಿದ್ದು, ನಾಯಿಗಳಿಗೆ ಹಬ್ಬವಾಯಿತು. ಗಾಡಿಯವರು ಹುರುಳಿ ತಪ್ಪಿಸಲು ನಮ್ಮ ಕಡೆಗೆ ನುಗ್ಗುವುದು, ನಾವು ಗಾಡಿ ತಪ್ಪಿಸಲು ಹುರುಳಿಗೆ ನುಗ್ಗುವುದು, ಹುರುಳಿ ಮಗುಚುವವರು ನಮ್ಮಿಬ್ಬರನ್ನೂ ತಪ್ಪಿಸಲು ನಡುರೋಡಿಗೆ ಬರುವುದು. ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಆ ವಾರ ನಮ್ಮೂರ ಮುಂದೆ ಎಷ್ಟು ಜನರ ಅಪ್ಪಂದಿರ ಹೆಸರು ಬಂತೆಂದರೆ, ಓಟರ್ ಪಟ್ಟಿಯಲ್ಲೂ ಅಷ್ಟು ಹೆಸರಿರಲಾರದು.

ಸಿದ್ದರಾಜಣ್ಣ ನನ್ನನ್ನೂ ಬಿಡಲಿಲ್ಲ. ಒಂದು ಸಂಜೆ ನನ್ನ ಸೈಕಲ್ಲಿನ ಹಿಂದೆಯೇ ಬಂದು ಹಾರನ್ ಹೊಡೆದ. ಅವನ ಹಾರನ್ ಒಂದೇ ಸದ್ದಿನದಲ್ಲ, ಮದುವೆ ಬ್ಯಾಂಡಿನ ಹಾಗೆ ಏಳೆಂಟು ಸುತ್ತು ಹೊಡೆದುಕೊಂಡು ಕೊನೆಗೆ ಕುದುರೆ ಕೆನೆದಂತೆ ಮುಗಿಯುತ್ತಿತ್ತು. ನಾನು ಬದಿಗೆ ಸರಿಯಲಿಲ್ಲ, ಬದಿಯಲ್ಲಿ ಹುರುಳಿ ಮಗುಚುವ ಅಜ್ಜಿಯರಿದ್ದರು. ಅವನು ಕಿಟಕಿಯಿಂದ ತಲೆ ಹಾಕಿದ.

"ಏ ಅಮ್ಮಿ! ರೋಡು ನಿಮ್ಮಪ್ಪಂದಾ?"

"ಊಂ ಕಣಣ್ಣ, ನಮ್ಮಪ್ಪಂದೇ! ದಿನಾ ಅವ್ನೇ ಓಡಾಡದು, ಬೇಕಾರೆ ಕೇಳು!" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

"ಯಾರಮ್ಮಿ ನಿಮ್ಮಪ್ಪ? ಓ, ಟೆಂಪೊ ಮಾದೇವನ ಮಗಳಾ? ಸಿಗ್ಲಿ ಸಿಗ್ಲಿ, ಯೋಳ್ತೀನಿ."

ಮುಗಿಯಿತು ಅಂದುಕೊಂಡೆ. ಕಣ್ಣ ಮುಂದೆ ಅಟ್ಟ, ಅಟ್ಟದ ತೊಲೆ, ತೊಲೆಗೆ ನೇತಾಡುವ ನನ್ನ ಸೈಕಲ್ಲು, ಅದರ ಸೀಟಿನ ಮೇಲೆ ಗೂಡು ಕಟ್ಟಿದ ಗುಬ್ಬಿ. ಆ ರಾತ್ರಿ ಮುದ್ದೆ ಇಳಿಯಲಿಲ್ಲ. ಇಳಿಯಲಿಲ್ಲ ಅಂದರೆ ಎರಡನೆಯದು ಇಳಿಯಲಿಲ್ಲ.

ಮುಂದೆ ಹೇಳುವುದನ್ನು ಸ್ವಲ್ಪ ಗಮನ ಇಟ್ಟು ಓದಿ, ನನ್ನ ತಲೆ ಕೆಲಸ ಮಾಡಿದ ಜಾಗ ಇದು. ಬೆಳಿಗ್ಗೆ ಅಜ್ಜಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ಒಂದು ಕೋಳಿ ಅದನ್ನು ತುಳಿದು ಹೋಯಿತು. ಅಜ್ಜಿ ಬೈದಳು. ನಾನು ಕೋಳಿಯ ಹೆಜ್ಜೆಯನ್ನೇ ನೋಡುತ್ತಾ ನಿಂತೆ. ಕೋಳಿ ಎಲ್ಲಿ ಕಾಲಿಟ್ಟಿದೆ ಎಂದು ರಂಗೋಲಿ ಪುಡಿ ಹೇಳುತ್ತಿತ್ತು. ಹಾಗಾದರೆ ಬಸ್ಸು ಎಲ್ಲಿ ಕಾಲಿಡುತ್ತದೆ ಎಂದು ಹೇಳುವುದಿಲ್ಲವೇ?

ರಂಗೋಲಿ ಡಬ್ಬ ಎತ್ತಿಕೊಂಡು ಓಡಿದೆ. ಅಜ್ಜಿ ಹಿಂದೆಯೇ ಬೈದುಕೊಂಡು ಬಂದಳು. ರೋಡಿಗೆ ಅಡ್ಡಲಾಗಿ, ಈ ಬದಿಯಿಂದ ಆ ಬದಿಗೆ, ಒಂದು ಅಗಲವಾದ ಪಟ್ಟಿ ಪುಡಿ ಚೆಲ್ಲಿದೆ. ಡಬ್ಬ ಖಾಲಿ. ಬಸ್ಸು ಬಂತು, ಹೋಯಿತು. ನೋಡಿದರೆ ಎರಡೇ ಎರಡು ಕಡೆ ಪುಡಿ ಅಳಿಸಿತ್ತು. ನಡುವೆ ಹಾಗೇ ಇತ್ತು, ಎರಡೂ ಅಂಚಿನಲ್ಲಿ ಹಾಗೇ ಇತ್ತು. ಆಮೇಲೆ ಒಂದು ಲಾರಿ, ಒಂದು ಕಾರು. ಕಾರಿನದು ಸ್ವಲ್ಪ ಒಳಗೆ, ಲಾರಿಯದು ಸ್ವಲ್ಪ ಹೊರಗೆ, ಅಷ್ಟೇ. ಎಲ್ಲವೂ ಅದೇ ಎರಡು ದಾರಿಯಲ್ಲಿ ಹೋಗಿದ್ದವು.

"ಅಜ್ಜಿ, ರೋಡಿನ ಅರ್ಧಕ್ಕ ಹಾಸಾದು ಬ್ಯಾಡ. ಚಕ್ರ ಓಗೋ ಕಡೆ ಮಾತ್ರ ಎರಡು ಪಟ್ಟಿ ಹಾಸನ. ತೆಳ್ಳಗೆ. ಗಾಡಿ ತಪ್ಪಿಸ್ಕೊಂಡು ಓಗಾಕೆ ಜಾಗನೇ ಇರಲ್ಲ. ಅಂಚು ನಮಗೆ."

"ಏನಮ್ಮಿ ಇದು, ಸೊಸೆಗೆ ಜರಿಯಂಚು ಸೀರೆ ಉಡ್ಸಿದಂಗೆ! ಇಂಗೆ ಚೂರು ಚೂರು ಹಾಸ್ಕೊಂಡು ಕೂತ್ರೆ ಉಳ್ಳಿ ಆಗಾದು ಯಾವಾಗ? ಯುಗಾದಿಗಾ?"

"ಒಂದ್ ದಿನ ನೋಡಜ್ಜಿ."

"ರಂಗೋಲಿ ಪುಡಿ ಯಾವನ್ ತಂದ್ ಕೊಡ್ತಾನ?"

ಬೈದುಕೊಂಡೇ ಹಾಸಿದಳು. ಮೊದಲು ಬಂದದ್ದೇ ಈರುಳ್ಳಿ ಲೋಡಿನ ಲಾರಿ. ಅತ್ತ ಇತ್ತ ವಾಲದೆ, ಹಳಿಯ ಮೇಲೆ ರೈಲು ಹೋದ ಹಾಗೆ, ಎರಡೂ ಪಟ್ಟಿಯ ಮೇಲೆ ಚರಚರ ಸಾಗಿ ಹೋಯಿತು. ಅಜ್ಜಿ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಎತ್ತಿದಳು. ಕಾಯಿಗಳೆಲ್ಲ ಬಾಯಿ ಬಿಟ್ಟಿದ್ದವು. ಮೊದಲು ಲಾರಿ ಹೋದ ದಿಕ್ಕಿಗೆ ಕೈ ಮುಗಿದಳು, ಆಮೇಲೆ ನನ್ನ ಕಡೆ ನೋಡಿದಳು. ನನಗೆ ಮುಗಿಯಲಿಲ್ಲ, ಆದರೆ ಕೈ ಇನ್ನೂ ಜೋಡಿಸಿಯೇ ಇತ್ತು. ಅದು ನನಗೂ ಸೇರಿದ್ದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಸಂಜೆ ಬಸ್‌ಸ್ಟಾಪಿನಲ್ಲಿ ಸಿದ್ದರಾಜಣ್ಣನ ಹತ್ತಿರ ಮಾತುಕತೆ. ಅವನು ಟೀ ಕುಡಿಯುತ್ತಿದ್ದ. ನಾನು ಸೈಕಲ್ಲನ್ನು ಬಸ್ಸಿನ ಮುಂದೆಯೇ ಸ್ಟ್ಯಾಂಡ್ ಹಾಕಿದೆ.

"ಅಣ್ಣ, ನಮ್ಮಪ್ಪಂಗೆ ಯೋಳಿದ್ಯಾ?"

"ಸಿಕ್ಕಿಲ್ಲ. ಸಿಕ್ದಾಗ ಯೋಳ್ತೀನಿ."

"ಅದನ್ ಬುಡು. ನಿಂಗೆ ಏನ್ ತೊಂದ್ರೆ ಯೋಳು."

ಅವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಟೀ ಲೋಟ ಕೆಳಗಿಟ್ಟ. "ಏನ್ ತೊಂದ್ರೆನಾ? ದಪ್ಪಗೆ ಹಾಸ್ತೀರಿ, ಬಳ್ಳಿ ಆಕ್ಸೆಲ್‌ಗೆ ಸುತ್ಕತದ, ಬಿಸಿಗೆ ಒಗೆ ಬತ್ತದ, ನಾನು ಗಾಡಿ ಕೆಳಕ್ಕೆ ಮಲಗಿ ಕುಡ್ಲಲ್ಲಿ ಕುಯ್ಬೇಕು. ಗುಂಡ್ಲುಪೇಟೆಗೆ ಲೇಟಾಯ್ತದ. ಹಿಂದ್ಲ ಬಸ್ಸೋನು ನನ್ ಜನಾನೆಲ್ಲ ತುಂಬ್ಕೊಂಡೋಯ್ತಾನ. ಕತ್ಲಾದ್ರೂ ಎತ್ತಲ್ಲ ನೀವು. ಹಾರನ್ ಹೊಡುದ್ರೆ ಮುದುಕೀರು ಕವೆಗೋಲಲ್ಲಿ ತಿವಿಯಾಕೆ ಬತ್ತಾರ. ಇನ್ನೇನಾಗ್ಬೇಕು?"

"ತೆಳ್ಳಗೆ ಹಾಸ್ತೀವಿ. ಹೊತ್ತು ಮುಳುಗಾಕೆ ಮುಂಚೆ ಎತ್ತುತೀವಿ. ನೀ ಬರಾದು ಕಂಡೇಟ್ಗೆ ಯಾರೂ ನಡುವಿಕ್ಕೆ ಬರಲ್ಲ. ನೀನು ಪಟ್ಟಿ ಬುಟ್ಟು ಅಂಚಿಗೆ ಬರ್ಕೂಡ್ದು. ಮತ್ತೆ ನಮ್ ಬೆನ್ನಿಂದೆ ಆ ಕುದ್ರೆ ಹಾರನ್ನು ಹೊಡೀಕೂಡ್ದು. ಪವಿತ್ರ ಗಾಡಿಗಲ್ಲ, ಹಾರನ್ಗೇ ಬೀಳಾದು."

ಅವನು ಬಸ್ಸು ನೋಡಿದ, ನನ್ನ ಸೈಕಲ್ಲು ನೋಡಿದ. "ಎದ್ರುಗಡೆಯಿಂದ ಗಾಡಿ ಬಂದ್ರೆ? ಎರಡು ಪಟ್ಟೀಲಿ ಎರಡು ಗಾಡಿ ಎಂಗಮ್ಮಿ ಓಗ್ತವ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೆ ಯೋಚಿಸಿದ್ದೆ ಅನ್ನುವ ಮುಖ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. "ಅದಕ್ಕೇ ನಾವಿದ್ದೀವಲ್ಲ" ಅಂದೆ. "ಈ ತುದೀಲಿ ನಾನು, ಆ ತುದೀಲಿ ಪವಿತ್ರ."

"ಏ!" ಅಂದಳು ನನ್ನ ಹಿಂದೆ ನಿಂತಿದ್ದ ಪವಿತ್ರ, ಅವಳಿಗೂ ಆಗಲೇ ಗೊತ್ತಾದದ್ದು.

ಸಂಕ್ರಾಂತಿ ರಜ ಬಂತು. ಊರಿನ ಎಲ್ಲರ ಹುರುಳಿಯೂ ಎರಡು ಪಟ್ಟಿಗೆ ಬಂತು. ಪವಿತ್ರ ಸ್ಕೂಲ್ ಯೂನಿಫಾರಂನ ಕೆಂಪು ಟೇಪನ್ನು ಜಡೆಯಿಂದ ಬಿಚ್ಚಿ ಕೋಲಿಗೆ ಕಟ್ಟಿ ಆ ತುದಿಯಲ್ಲಿ ನಿಂತಳು. ಈ ತುದಿಯಲ್ಲಿ ನನ್ನ ಕೈಯಲ್ಲಿ ಕಡ್ಡಿ ಪೊರಕೆ. ನಾನು ಪೊರಕೆ ಎತ್ತಿದರೆ ಈ ಕಡೆಯ ಗಾಡಿ ನಿಲ್ಲಬೇಕು, ಅವಳು ಟೇಪು ಆಡಿಸಿದರೆ ಆ ಕಡೆಯದು. ಸ್ಕೂಲು ಮತ್ತೆ ಶುರುವಾದ ಮೇಲೆ ಬೆಳಿಗ್ಗೆ, ಸಂಜೆ, ಶನಿವಾರ ಮಧ್ಯಾಹ್ನ ನಮ್ಮ ಡ್ಯೂಟಿ. ನಡುವೆ ಅಜ್ಜಿಯರು ನೋಡಿಕೊಳ್ಳುತ್ತಿದ್ದರು. ಸಿದ್ದರಾಜಣ್ಣ ನನಗೆ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟ. ಅವನ ಬಸ್ಸು ಪಟ್ಟಿಯ ಮೇಲೆ ಅಜ್ಜಿಯರೇ ಬೆರಗಾಗುವಷ್ಟು ನೇರ ಹೋಗುತ್ತಿತ್ತು. ಹಾರನ್ ಬದಲು ಬಾಗಿಲು ತಟ್ಟಿ ಸದ್ದು ಮಾಡುತ್ತಿದ್ದ. ಕೇರಳದ ಕಡೆಯ ಒಬ್ಬ ಲಾರಿಯವನು ಇಳಿದು ಬಂದು ಮಲಯಾಳದಲ್ಲಿ ಉದ್ದಕ್ಕೆ ಏನೋ ಹೇಳಿ ಹೋದ. ನಾನು ಅದನ್ನು ಮೆಚ್ಚುಗೆ ಎಂದು ಅನುವಾದ ಮಾಡಿ ಎಲ್ಲರಿಗೂ ಹೇಳಿದೆ. ಆ ಕಾಲದಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಇದರಲ್ಲಿ ಮಾತ್ರ ನಾನು ಒಂದು ಚೂರೂ ಸೇರಿಸಿಲ್ಲ. ಯಾರೂ ಬೀಳಲಿಲ್ಲ.

ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಹೋಗುವಾಗ ಹುರುಳಿ ಹಾಸಿರುತ್ತಿರಲಿಲ್ಲ, ಬರುವಾಗ ಎತ್ತಿರುತ್ತಿದ್ದೆವು. ಸೈಕಲ್ಲಿಗೆ ದಿನಾ ಸಂಜೆ ಎಣ್ಣೆ ಬಿಡುತ್ತಾ, ಇನ್ನು ಸ್ವಲ್ಪವೇ ದಿನ, ಹುರುಳಿ ಮುಗಿದರೆ ಗೆದ್ದೆ ಎಂದುಕೊಳ್ಳುತ್ತಿದ್ದೆ.

ಕೊನೆಯ ಶನಿವಾರ. ಉಳಿದದ್ದು ನಮ್ಮ ಮನೆಯ ಹುರುಳಿ ಮಾತ್ರ. ಮಧ್ಯಾಹ್ನದ ಬಿಸಿಲು. ಆ ತುದಿಯಲ್ಲಿ ಪವಿತ್ರ ಟೇಪು ಆಡಿಸಿದ್ದು ಕಂಡಿತು. ಆದರೂ ಒಂದು ಹಸಿರು ಲಾರಿ ನಿಲ್ಲದೆ ಬಂತು. ಗುರುತಿಲ್ಲದ ಲಾರಿ. ಗಾಜಿನ ಮೇಲೆ ಬಿಸಿಲು ಹೊಡೆದು ಒಳಗಿರುವುದು ಮನುಷ್ಯನೋ ಎಮ್ಮೆಯೋ ಕಾಣುತ್ತಿರಲಿಲ್ಲ. ಪಟ್ಟಿ ಕಂಡದ್ದೇ ತಡ, ಹುರುಳಿ ತಪ್ಪಿಸಲು ಸೀದಾ ಅಂಚಿಗೆ ಇಳಿಯಿತು. ಅಂಚಿನಲ್ಲಿ ನಮ್ಮ ಸ್ಕೂಲಿನ ಚಿಕ್ಕ ಹುಡುಗಿಯರ ಸೈಕಲ್ಲುಗಳು ಸಾಲಾಗಿ ಬರುತ್ತಿದ್ದವು. ಅವರು ಕಿರುಚಿಕೊಂಡು ಸೈಕಲ್ಲು ಸಮೇತ ಪಕ್ಕದ ಅರಿಶಿನದ ಹೊಲಕ್ಕೆ ಇಳಿದರು.

ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಪೊರಕೆ ಎತ್ತಿಕೊಂಡು ಲಾರಿಯ ಎದುರು ಹೋಗಿ ನಿಂತೆ. ಬ್ರೇಕಿನ ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಲಾರಿಯ ಮೂತಿ ನನ್ನ ಪೊರಕೆಯಿಂದ ಒಂದು ಗೇಣು ದೂರ ನಿಂತಿತು. ಸರಿ, ಒಂದು ಮಾರು.

"ಯಾವನ್ಲಾ ಅವ್ನು!" ಎಂದು ಶುರು ಮಾಡಿದೆ. "ಕಣ್ಣು ಮಡಗಿಲ್ವಾ? ಮಕ್ಳು ಬತ್ತಿರಾದು ಕಾಣಾಕಿಲ್ವಾ? ಟೇಪು ಆಡ್ಸಿದ್ರೆ ನಿಲ್ಬೇಕು ಅಂತ ಗೊತ್ತಿಲ್ವಾ? ತೆಗೀಲಾ ಹಿಂದಕ್ಕೆ! ಪಟ್ಟಿ ಮ್ಯಾಗೆ ಬಾ! ರೋಡೇನು ನಿಮ್ಮಪ್ಪಂದಾ?"

ಹುಣಸೆಮರದ ಕಟ್ಟೆಯ ಮೇಲೆ ಕೂತಿದ್ದ ಊರವರೆಲ್ಲ ಎದ್ದು ನಿಂತರು. ಲಾರಿಯ ಬಾಗಿಲು ತೆರೆಯಿತು. ಮೊದಲು ಒಂದು ಚಪ್ಪಲಿ ಇಳಿಯಿತು. ಉಂಗುಷ್ಟದ ಬಾರು ಕಿತ್ತುಹೋಗಿ ತಂತಿ ಸುತ್ತಿದ ಆ ಚಪ್ಪಲಿ ನನಗೆ ಗೊತ್ತಿತ್ತು. ತಂತಿ ಸುತ್ತಿದವಳು ನಾನೇ.

ಟೆಂಪೊ ಗ್ಯಾರೇಜಿಗೆ ಹೋಗಿದೆ, ಓನರು ಬೇರೆ ಲಾರಿ ಕೊಟ್ಟಿದ್ದಾರೆ, ಅಪ್ಪ ಅರ್ಧ ದಿನಕ್ಕೇ ಖಾಲಿಯಾಗಿ ವಾಪಸ್ ಬಂದಿದ್ದಾನೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ. ನಾನು ನನ್ನ ಅಪ್ಪನನ್ನು ಊರ ಮುಂದೆ "ಯಾವನ್ಲಾ" ಅಂದಿದ್ದೆ.

"ಏನಂದೆ?" ಅಂದ ಅಪ್ಪ. ಮೆತ್ತಗೆ ಅಂದ. ಅದೇ ಭಯ.

ನಾನು ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಆಗ ಹುರುಳಿಯ ಮಧ್ಯದಿಂದ, ಕೂತಲ್ಲಿಂದ ಏಳದೆ, ಅಜ್ಜಿಯ ದನಿ ಬಂತು.

"ಕೇಳ್ತಾವ್ಳಲ್ಲ ಯೋಳ್ಲಾ ಮಾದೇವ, ರೋಡು ನಿಮ್ಮಪ್ಪಂದಾ ಅಂತ. ಊಂ ಅನ್ನು. ಜಲ್ಲಿ ಒಡ್ದೋನು ನಿಮ್ಮಪ್ಪನೇ ತಾನೆ? ನಿಮ್ಮಪ್ಪನ ರೋಡು ಅಂತ ಮಕ್ಳ ಮ್ಯಾಲ ಬುಟ್ಕೊಂಡು ಓಗಾಕ ಆಯ್ತದಾ?"

ಅಪ್ಪ ತಲೆ ಎತ್ತಿದ. ಹೊಲದಲ್ಲಿ ಅರಿಶಿನದ ಒಣಗರಿ ಕೊಡವಿಕೊಳ್ಳುತ್ತಿದ್ದ ಹುಡುಗಿಯರನ್ನು ನೋಡಿದ. ಎರಡು ಪಟ್ಟಿ ನೋಡಿದ, ಖಾಲಿ ಅಂಚು ನೋಡಿದ. ತಾನು ಮಗುವಾಗಿ ತೂಗಾಡಿದ ಹುಣಸೆಮರದ ನೆರಳು ಅವನ ಮೇಲೇ ಬಿದ್ದಿತ್ತು. ನನಗೆ ಸ್ವಲ್ಪ ಉಸಿರು ಬಂತು. ಉಸಿರು ಬಂದರೆ ನನಗೆ ಬುದ್ಧಿಯೂ ಬರುತ್ತದೆ, ಬರಬಾರದ ಹೊತ್ತಿನಲ್ಲಿ.

"ನೋಡಿ ಡ್ರೈವರ್ರೇ," ಅಂದೆ, "ಕಂಪ್ಲೇಂಟ್ ಇದ್ರೆ ನಮ್ಮಪ್ಪಂಗೆ ಯೋಳ್ಕೊಳಿ. ಅವ್ರು ಡ್ಯೂಟಿಗೆ ಓಗವ್ರೆ. ರಾತ್ರಿಗೆ ಬತ್ತಾರೆ."

ಕಟ್ಟೆಯ ಕಡೆಯಿಂದ ಯಾರೋ ಫಕ್ಕನೆ ನಕ್ಕರು. ಅಪ್ಪನ ಮೀಸೆಯ ಒಂದು ತುದಿ ಅಲುಗಿತು. ಅವನು ಲಾರಿ ಹತ್ತಿದ. ಲಾರಿ ಹಿಂದಕ್ಕೆ ಹೋಯಿತು, ಸುಮಾರು ದೂರ ಹೋಯಿತು. ಆಮೇಲೆ ನಿಧಾನಕ್ಕೆ, ಎರಡೂ ಬದಿಯ ಚಕ್ರ ಎರಡೂ ಪಟ್ಟಿಯ ಮೇಲೆ ಇಟ್ಟು, ಮುಂದೆ ಬಂತು. ಮತ್ತೆ ಹಿಂದೆ, ಮತ್ತೆ ಮುಂದೆ. ನಮ್ಮ ಮನೆಯ ಹುರುಳಿಯ ಒಂದು ಕಾಯಿಯನ್ನೂ ಒಡೆಯದೆ ಬಿಡಲಿಲ್ಲ. ಅಜ್ಜಿ ಖಾಲಿ ಲಾರಿಗೂ ಕೈ ಮುಗಿದದ್ದು ಅದೊಂದೇ ಸಲ.

ಸಂಜೆ ನಮ್ಮ ಮನೆಯ ಜಗಲಿ ಟೂರಿಂಗ್ ಟಾಕೀಸ್ ಆಗಿತ್ತು. ಪವಿತ್ರ, ಹೊಲಕ್ಕಿಳಿದ ಹುಡುಗಿಯರು, ಅವರ ಅವ್ವಂದಿರು, ಟೀ ಅಂಗಡಿಯವನು, ಎಲ್ಲರೂ ಇದ್ದರು. ನಾನು ಪೊರಕೆ ಹಿಡಿದು ನಡೆದದ್ದನ್ನೆಲ್ಲ ಮತ್ತೆ ತೋರಿಸುತ್ತಿದ್ದೆ. ಮೂರನೇ ಸಲ ಹೇಳುವಾಗ ಲಾರಿಗೆ ಹದಿನಾರು ಚಕ್ರ ಬಂದಿದ್ದವು. ನಾಲ್ಕನೇ ಸಲಕ್ಕೆ ಬ್ರೇಕೇ ಇರಲಿಲ್ಲ, ನನ್ನ ದನಿಗೇ ನಿಂತಿತ್ತು. "ಯಾವನ್ಲಾ ಅವ್ನು!" ಎಂದು ನಾನು ಪೊರಕೆ ಎತ್ತಿದೆ, ಯಾರೂ ನಗಲಿಲ್ಲ. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು.

ಅಪ್ಪ ಒಳಗೆ ಬಂದಿದ್ದ. ಹೆಗಲ ಮೇಲೆ ಹಗ್ಗ ಇತ್ತು.

ಟವೆಲ್ಲಿನಲ್ಲಿ ಕುತ್ತಿಗೆ ಒರೆಸಿಕೊಂಡ. ಯಾವುದೋ ಊರಿನ ಸುದ್ದಿ ಹೇಳುವವನ ಹಾಗೆ ಹೇಳಿದ. "ಇವತ್ತು ಒಬ್ಬ ಡ್ರೈವರ್ ಸಿಕ್ಕಿದ್ದ. ಕಂಪ್ಲೇಂಟ್ ಯೋಳ್ದ."

ನಾನು ಪೊರಕೆ ಕೆಳಗಿಟ್ಟೆ.

"ಒಂದ್ ಮೋಟುದ್ದ ಹೆಣ್ ಕೂಸು ಊರ್ ಮುಂದ ಲಾರಿ ನಿಲ್ಸಿ, ಯಾವನ್ಲಾ ಅಂತು, ಹಿಂದಕ್ ತೆಗಿ ಅಂತು, ಅಂದ. ತೆಗ್ದೆ ಅಂದ. ತಪ್ಪು ನಂದೇ ಇತ್ತು, ಅದು ಯೋಳಿದ್ದೇ ಸರಿ ಇತ್ತು ಅಂದ. ಇಷ್ಟ್ ವರ್ಸದಲ್ಲಿ ನನ್ ಗಾಡೀನ ಪೋಲೀಸ್ನೋರೂ ಅಂಗೆ ನಿಲ್ಸಿಲ್ಲ, ಯಾರ್ ಮಗಳು ಅದು, ಅಂತ ಕೇಳ್ದ."

"ನೀ ಏನಂದೆ?" ಅಂದಳು ಅಜ್ಜಿ, ಮೊರದಲ್ಲಿ ಹುರುಳಿ ಕೇರುತ್ತಾ.

"ನಂದೇ ಅಂದೆ."

ಅಪ್ಪ ಜಗಲಿಯ ಮೇಲಿದ್ದವರ ಕಡೆ ತಿರುಗಿದ. "ಆಯ್ತು, ಪಿಚ್ಚರ್ ಮುಗೀತು. ಎಲ್ಲಾ ಮನೆಗೆ ಓಗಿ."

ಆಮೇಲೆ ನನ್ನ ಸೈಕಲ್ಲು ಎತ್ತಿದ. "ಏನೇ ಆಗ್ಲಿ, ಕಂಪ್ಲೇಂಟ್ ಕಂಪ್ಲೇಂಟೇ" ಅಂದ. ಅಜ್ಜಿ ಬೈದಳು, ಅವ್ವ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು, ಅವನು ಕೇಳಲಿಲ್ಲ. ಏಣಿ ಹಾಕಿ, ಅಟ್ಟದ ತೊಲೆಗೆ ಹಗ್ಗ ಎಸೆದು, ಸೈಕಲ್ಲನ್ನು ಎಳೆದು ಏರಿಸಿ, ಬಿಗಿದು ಕಟ್ಟಿದ. ಬೆಲ್ ಒಂದು ಸಲ ಟಿಣ್ ಅಂತು. ಅಪ್ಪ ಇಳಿದು ಬಂದು ಏಣಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋದ.

ನಾನು ಅಳಬೇಕು ಎಂದುಕೊಂಡು ತಲೆ ಎತ್ತಿದೆ. ಗಂಟು ನೋಡಿದೆ. ಅದು ಘಾಟಿಯ ಗಂಟಲ್ಲ, ಮಾರ್ಕೆಟ್ ಗಂಟು. ಹಗ್ಗದ ತುದಿ ತೊಲೆಯಿಂದ ಇಳಿದು, ಸರಿಯಾಗಿ ನನ್ನ ಮೂಗಿನ ನೇರಕ್ಕೆ ತೂಗಾಡುತ್ತಿತ್ತು.